ತೊಂಬತ್ತಾರು ಮೆಟ್ಟಿಲು

ದೊಡ್ಡಮ್ಮ ಹೊಲಿಗೆ ಯಂತ್ರದ ಮುಂದೆ ಕೂತು, ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನ ಮೇಲೆ ಭಾನುವಾರದ ಲೆಕ್ಕಾಚಾರ ಬರೆಯುತ್ತಿದ್ದಳು.

"ಏಳು ಗಂಟೆ ಬಸ್ಸು. ಎಂಟೂವರೆಗೆ ಬುದ್ಧನ ಗುಡಿ. ನೀನು ಮಲಗೇ ಇದ್ರೆ ಬಸ್ಸಿನವನು ಬಂದು ಎಬ್ಬಿಸಲ್ಲ ತಾಯಿ."

ಗುಂಡಿಗಳನ್ನು ಬಣ್ಣ ನೋಡಿ ಡಬ್ಬಿಗೆ ಹಾಕುತ್ತಿದ್ದ ತಂಗಿಯ ಮಗಳು ನಕ್ಕಳು. ನಗು ತುಟಿ ದಾಟಲಿಲ್ಲ.

ಊರಿನ ಹಳೇ ಭಾಗದ ಆ ಗುಡಿಯ ಚಿತ್ರ ಎರಡು ವರ್ಷದಿಂದ ಯಂತ್ರದ ಪಕ್ಕದ ಗೋಡೆಯಲ್ಲಿತ್ತು. 'ನಿನ್ನ ಬಿಟ್ಟು ನಾನು ನೋಡಲ್ಲ' ಎಂದು ದೊಡ್ಡಮ್ಮನಿಗೆ ಮಾತು ಕೊಟ್ಟವಳು ಈ ಹುಡುಗಿಯೇ. ಹೋದ ತಿಂಗಳು ಆಫೀಸಿನವರು ಅಲ್ಲಿಗೆ ಹೊರಟು ಇವಳನ್ನೂ ಕರೆದಾಗ 'ಬೇಡ' ಎನ್ನುವ ಮಾತು, ಎಂದಿನಂತೆ, ಗಂಟಲಲ್ಲೇ ಹುಟ್ಟಿ ಗಂಟಲಲ್ಲೇ ಸತ್ತಿತ್ತು.

"ಮೆಟ್ಟಿಲು ನಾಲ್ಕೈದು ಇರಬಹುದು ಅಂದ್ರು ಪಕ್ಕದ ಮನೆಯವರು" ಎಂದು ದೊಡ್ಡಮ್ಮ ಊದಿದ ಮಂಡಿ ಸವರಿಕೊಂಡಳು. "ಅಷ್ಟು ಹತ್ತುತ್ತೀನಿ ಬಿಡು."

ತೊಂಬತ್ತಾರು. ಎಲ್ಲೋ ಓದಿದೆ ಅಂದರೆ ಮುಗಿಯಿತು. ಸುಳ್ಳು ನಾಲಿಗೆಯ ತುದಿಗೆ ಬಂದು ಕೂತಿತ್ತು ಕೂಡ. ಅಷ್ಟರಲ್ಲಿ ದೊಡ್ಡಮ್ಮ ಎರಡು ಬಟ್ಟೆಚೀಲ ಎತ್ತಿ ತೋರಿಸಿದಳು.

"ಚಪ್ಪಲಿ ಇಟ್ಕೊಳ್ಳೋಕೆ. ನೀಲಿ ನಿಂದು."

"ತೊಂಬತ್ತಾರು ಮೆಟ್ಟಿಲಿದೆ ದೊಡ್ಡಮ್ಮ. ನಾನು ಹೋಗಿ ಬಂದಿದೀನಿ."

ಯಂತ್ರದ ಚಕ್ರದ ಮೇಲಿದ್ದ ಕೈ ನಿಂತಿತು.

"ಯಾವತ್ತು?"

"ಆಫೀಸಲ್ಲಿ ಕೆಲಸ ಜಾಸ್ತಿ ಇತ್ತು ಅಂದಿದ್ನಲ್ಲ, ಅವತ್ತು."

"ಅವತ್ತು ರಾತ್ರಿ ನೀನು ಕಾಲು ನೋವು ಅಂತ ಮಲಗಿದ್ದೆ. ನಾನೇ ಒತ್ತಿದ್ದೆ."

ಹುಡುಗಿ ಡಬ್ಬಿಯೊಳಗೆ ಇಣುಕಿದಳು. ಅಲ್ಲೇ ಒಂದು ಗುಂಡಿಯಾಗಿ ಬಿದ್ದಿರಬಾರದೇ ಅನ್ನಿಸಿತು.

ದೊಡ್ಡಮ್ಮ ಹಲ್ಲಿನಿಂದ ದಾರ ಕಡಿದಳು. "ಬೇರೆ ದಾರಿ ಇಲ್ವಾ?"

"ಹಿಂದೆ ಇಳಿಜಾರು ದಾರಿ ಇದೆ. ಮೊದಲೇ ಹೇಳಿದ್ರೆ ಗೇಟು ತೆಗೀತಾರೆ."

"ಅವರಿಗೆ ಹೇಳು ಮತ್ತೆ." ಹಾಳೆಯಲ್ಲಿ 'ಹಿಂದಿನ ಗೇಟು' ಎಂದು ಬರೆದಳು. "ಒಳಗೆ ಹೇಗಿದೆ ಅಂತ ಮಾತ್ರ ಬಾಯಿ ಬಿಡಬೇಡ. ಅದನ್ನಾದ್ರೂ ನಾನೇ ನೋಡ್ತೀನಿ."

ಗುರುತಿಲ್ಲದವರಿಗೆ ಫೋನ್ ಮಾಡುವುದೆಂದರೆ ಬೆವರುವ ಹುಡುಗಿ ಗುಡಿಯ ಕಚೇರಿಗೆ ಫೋನ್ ಮಾಡಿದಳು. ಯಾರಿಗೆ, ಎಷ್ಟು ಗಂಟೆಗೆ ಎಂದೆಲ್ಲ ವಿಚಾರಿಸಿ, ಕೊನೆಗೆ ಆ ಕಡೆಯವರು ಕೇಳಿದರು:

"ಇಬ್ರೂ ಮೊದಲ ಸಲ ಬರ್ತಿರೋದಾ?"

ದೊಡ್ಡಮ್ಮ ತಲೆಯೆತ್ತಲಿಲ್ಲ. ಯಂತ್ರದ ಸದ್ದೂ ಇರಲಿಲ್ಲ.

"ಅಲ್ಲ" ಎಂದಳು ಹುಡುಗಿ. "ಅವರೊಬ್ಬರೇ."

ನೀಲಿ ಚೀಲದ ಹಿಡಿಕೆ ಇನ್ನೂ ಹೊಲಿದಿರಲಿಲ್ಲ. ದೊಡ್ಡಮ್ಮ ಅದನ್ನು ಸೂಜಿಯ ಕೆಳಗಿಟ್ಟಳು; ಯಂತ್ರ ಶುರುವಾಯಿತು.