ದಿನಕ್ಕೊಂದು ಮಂಕರಿ

ಹೆಣದ ಗುಣಿ ತೋಡಲು ಕುಳ್ಳಯ್ಯ ಎತ್ತಿದ ಹಾರೆಯನ್ನು ತಿಮ್ಮರಾಜು ಅಡ್ಡ ಬಂದು ಹಿಡಿದುಕೊಂಡ.

“ಬ್ಯಾಡ ಕಣ್ಲಾ. ಇದು ಕಲ್ಬೋರೆ. ಮ್ಯಾಲೆ ಒಂದ್ಗೇಣು ಮಣ್ಣಿದ್ದಾತು, ಕೆಳಗೆ ಬರೀ ಕಲ್ಲು. ಜೇಸಿಬಿ ತರ್ಸುದ್ರೂ ಗುಣಿ ಆಗಕಿಲ್ಲ. ಊರ ಮಸಾಣಕ್ಕೇ ತಕ್ಕೊಂಡೋಗವ.”

ಸಿಂಧಘಟ್ಟದ ಮನೆ ಮುಂದೆ ತಿಮ್ಮರಾಜುವಿನ ತಮ್ಮ ಚೌಡಯ್ಯನ ಹೆಣ ಕಾಯುತ್ತಿತ್ತು. ಯಾರು ತಡೆದರೂ ಕೇಳದೆ ಅವನ ಹೆಂಡತಿ ಜಯಲಕ್ಷ್ಮಮ್ಮ ಗದ್ದೆಗೇ ಬಂದಿದ್ದಳು. ಗಂಡ ಜೀವಮಾನವೆಲ್ಲ ತಿದ್ದಿದ ನೆಲ ಇವತ್ತು ಕೈಕೊಟ್ಟರೆ ಅವನ ಬದುಕೇ ನಗೆಪಾಟಲಾಗುತ್ತದೆಂದು ಅವಳಿಗೆ ದಿಗಿಲು.

“ಆರೆ ಬುಡಿ ಬಾವ. ಅವ್ರು ಹಸನು ಮಾಡಿದ್ ನೆಲ. ಇಲ್ಲೇ ಮಲೀಕಳ್ಳಿ.”

*

ಆಸ್ತಿ ಪಾಲಾದಾಗ ಒಳ್ಳೆಯ ಗದ್ದೆ ಅಣ್ಣನಿಗೆ, ಕಲ್ಲುಗುಡ್ಡೆ ತಮ್ಮನಿಗೆ. ಇಲ್ಲಿ ಭತ್ತ ಬೆಳೆದೇ ತೀರುತ್ತೇನೆಂದು ಹೊಸ ಮದುಮಗ ಚೌಡಯ್ಯ ಊಟ ನಿದ್ದೆ ಬಿಟ್ಟು ಕಲ್ಲು ಕಿತ್ತ. ಬೇಸಗೆ ಕಳೆಯುವುದರೊಳಗೆ ಸೊಂಟ ಹಿಡಿದು ಹಾಸಿಗೆ ಸೇರಿದ. ಎಣ್ಣೆ ತಿಕ್ಕುತ್ತ ಜಯಲಕ್ಷ್ಮಮ್ಮ ರೇಗಿದ್ದಳು.

“ಸ್ವಾಮಾರ ಎತ್ತಿನ್ ಎಗಲ್ಗೇ ನೊಗ ಇಡಕಿಲ್ಲ. ನಿನ್ ಎಗಲೇನ್ ಪಾಪ ಮಾಡದೆ? ಬತ್ತ ಬೆಳುದ್ರೆ ಉಣ್ಣಕೆ ನೀನಿರಬ್ಯಾಡ್ವಾ?”

“ಅಂಗಾರೆ ಬುಟ್ಬುಡ್ಲಾ?”

“ಯಾಕ್ ಬುಡ್ಬೇಕು? ದಿನಕ್ಕೊಂದು ಮಂಕ್ರಿ ಕಲ್ಲು ಆಯ್ದಾಕು. ಇನ್ನೊಂದು ಆಯ್ಬೌದು ಅನ್ನಂಗಿರುವಾಗ್ಲೇ ಮನೀಗೆ ಬಾ.”

ಅಲ್ಲಿಂದಾಚೆಗೆ ಅದೇ ಕಟ್ಟಳೆ, ದಿನಕ್ಕೊಂದೇ ಬುಟ್ಟಿ ಕಲ್ಲು. ಸೋಮವಾರ ಎತ್ತುಗಳ ಜೊತೆ ಅವನಿಗೂ ಬಿಡುವು. ಊರವರು ಬಸವನಹುಳು ಎಂದು ಆಡಿಕೊಂಡರು. ಅವನೂ ಜೊತೆಗೂಡಿ ನಕ್ಕ. ಕಲ್ಲು ಊರಿನ ಮನೆಗಳ ತಳಪಾಯಕ್ಕೆ, ಅಣ್ಣನ ಜಗಲಿಗೂ ಹೋಯಿತು, ಕೆರೆಯ ಗೋಡುಮಣ್ಣು ಗಾಡಿಯಲ್ಲಿ ಬೋರೆಗೆ ಬಂತು. ತಲೆಗೂದಲು ನರೆಯುವ ಹೊತ್ತಿಗೆ ಮೊದಲ ಭತ್ತ. ಆಮೇಲೂ ಮಂಕರಿ ಬಿಡಲಿಲ್ಲ.

*

ಕುಳ್ಳಯ್ಯ ಹಾರೆ ಹಾಕಿದ. ಠಣ್ಣೆನ್ನುತ್ತದೆಂದು ಎಲ್ಲರೂ ಕಿವಿಗೊಟ್ಟರು. ಅದು ಸದ್ದಿಲ್ಲದೆ ಇಳಿಯಿತು. ಮೊಣಕಾಲುದ್ದ, ಸೊಂಟದುದ್ದ, ಎದೆಮಟ್ಟ. ಎಲ್ಲ ಕರೀ ಮಣ್ಣು.

“ಕಲಸಿಟ್ಟ ರಾಗಿ ಇಟ್ಟಿನಂಗದೆ ಕಣಣ್ಣ!” ಗುಣಿಯೊಳಗಿಂದ ಕುಳ್ಳಯ್ಯ ಕೂಗಿದ.

ಮಧ್ಯಾಹ್ನಕ್ಕೆಲ್ಲ ಚೌಡಯ್ಯನನ್ನು ಮಣ್ಣು ಮಾಡಿದ್ದಾಯಿತು. ತಲೆದೆಸೆಗೆ ನೆಡಲು ಒಂದು ಕಲ್ಲು ಬೇಕಿತ್ತು. ಕುಳ್ಳಯ್ಯ ಕುಯ್ಲಾದ ಗದ್ದೆಯನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದ.

“ಕಲ್ಬೋರೆಲಿ ಒಂದು ಕಲ್ಲು ಸಿಗ್ನಿಲ್ವಲ್ಲಕ್ಕೋ!”

ಅಳುತ್ತಿದ್ದ ಜಯಲಕ್ಷ್ಮಮ್ಮನಿಗೆ ನಗು ಉಕ್ಕಿಬಂತು. ಹೆಮ್ಮೆಯಿಂದ ಎದೆ ತುಂಬಿತ್ತು.

“ಎಲ್ಲಿಂದ ಸಿಕ್ಕದು? ಅವ್ರು ಒಂದೂ ಬುಟ್ಟಿಲ್ಲ.”

ತಿಮ್ಮರಾಜು ಊರ ಕಡೆ ನಡೆದ. ಹೊತ್ತಿಳಿಯುವಾಗ ಬದುವಿನ ಮೇಲೆ ಮತ್ತೆ ಕಾಣಿಸಿಕೊಂಡ. ತಲೆಯ ಮೇಲೆ ತಮ್ಮನ ಹಳೇ ಮಂಕರಿ, ಅದರೊಳಗೆ ತನ್ನ ಜಗಲಿಯಿಂದ ಕಿತ್ತ ಒಂದೇ ಒಂದು ಕಲ್ಲು. ನಡುನಡುವೆ ನಿಂತು ಸುಧಾರಿಸಿಕೊಂಡು ಬರುತ್ತಿದ್ದ.