ಐದನೆಯ ಪಟ್ಟಿ

ಸೀಗಿ ಹುಣ್ಣಿಮೆ ಮುಗಿದು ಐದು ದಿನವಾಗಿತ್ತು, ಬೆಳಗಿನ ಹತ್ತು ಗಂಟೆ. ಪ್ರಣಾಲಿ ಕೆಲಸದ ಮೇಜಿನ ಮೇಲಿದ್ದ ಕಬ್ಬಿಣದ ಪುಡಿಯನ್ನು ಅಂಗೈಯಿಂದ ಸರಿಸಿ ಒಂದು ಕಾಗದ ಹಾಸಿದಳು. ಗೋರಖನಾಥ ಹಣೆಯ ಮೇಲಿದ್ದ ಕನ್ನಡಕ ಇಳಿಸಿಕೊಂಡು ಬಗ್ಗಿ ನೋಡಿದ. ಕಾಗದದ ಮೇಲೆ ಇದ್ದದ್ದು ಅವನ ಜರಡಿಯ ಚಿತ್ರ.

"ಇದು ನಾ ಬರದದ್ದಲ್ಲ," ಅಂದ.

"ನಮ್ಮದಲ್ರಿ ಕಾಕಾ. ಬ್ಯಾರೆ ಕಂಪನಿಯವರ ಪೇಟೆಂಟ್. ಹೋದ ತಿಂಗಳ ಅವರಿಗಿ ಹಕ್ಕ ಸಿಕ್ಕದ."

ಗೋರಖನಾಥ ಇಪ್ಪತ್ತಾರು ವರ್ಷದಿಂದ ಔರಾದದ ಮೊದಲ ಬಸ್ಸು ಹಿಡಿದು ಬೀದರಿನ ಈ ಕಾರ್ಖಾನೆಗೆ ಬರುತ್ತಿದ್ದ. ಓದಿದ್ದು ನಾಲ್ಕನೆಯ ಇಯತ್ತೆ. ಕಾಳು ಹಸನು ಮಾಡುವ ಯಂತ್ರಗಳು ಇಲ್ಲಿ ತಯಾರಾಗುತ್ತಿದ್ದವು. ಸೋಯಾಬೀನ್ ಕೊಯ್ಯುವ ಹೊತ್ತಿಗೆ ಮಳೆ ಬಿತ್ತೆಂದರೆ ಮಣ್ಣಿನ ಹೆಂಟೆ ಜರಡಿಯ ಕಣ್ಣು ಮುಚ್ಚುತ್ತಿತ್ತು, ಕಾಳು ಒಡೆಯುತ್ತಿತ್ತು. ಅವನು ಜರಡಿಗೆ ಬೋಲ್ಟು ಬಿಗಿಯುವುದನ್ನು ಬಿಟ್ಟು, ಲಾರಿಯ ಹಳೇ ಟೈರಿನಿಂದ ನಾಲ್ಕು ಪಟ್ಟಿ ಕೊಯ್ದು ಅದನ್ನು ತೊಟ್ಟಿಲಿನಂತೆ ತೂಗಿಬಿಟ್ಟಿದ್ದ. ಮಣ್ಣು ನಿಲ್ಲಲಿಲ್ಲ. ಪ್ರತಿ ಪಟ್ಟಿಯನ್ನೂ ಬೆರಳಿನಿಂದ ಮೀಟಿ, ಸಪ್ಪಳ ಕೇಳಿ, ಬಿಗಿ ಸರಿಯಾಗಿದೆಯೋ ಇಲ್ಲವೋ ಹೇಳುತ್ತಿದ್ದ. ಈಗ ಕಾರ್ಖಾನೆಯ ಅರ್ಧ ಕೆಲಸ ಆ ತೂಗುವ ಜರಡಿಯದೇ.

ಮಾಲಕ ಭಾಲಚಂದ್ರ ಶ್ರಾವಣದಲ್ಲಿ ಪ್ರಣಾಲಿಯನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ. ದೇಶದಲ್ಲಿ ಇಂಥ ಯಂತ್ರಗಳಿಗೆ ಯಾರು ಯಾರು ಪೇಟೆಂಟ್ ಪಡೆದಿದ್ದಾರೆಂದು ಓದಿ, ಮುಂದೆ ನಾವು ಯಾವ ಯಂತ್ರ ಮಾಡಬೇಕೆಂದು ಹೇಳುವುದು ಅವಳ ಕೆಲಸ. ಅವಳು ಗೋಡೆಗೆ ದೊಡ್ಡ ನಕ್ಷೆ ಅಂಟಿಸಿದ್ದಳು. ಬೇರೆಯವರ ಹಕ್ಕಿರುವಲ್ಲಿ ಕೆಂಪು ಚುಕ್ಕೆ. ಹಕ್ಕಿನ ಅವಧಿ ತೀರಿ ಯಾರು ಬೇಕಾದರೂ ಮಾಡಬಹುದಾದಲ್ಲಿ ಹಸಿರು. ಕಾರ್ಖಾನೆ ಇನ್ನು ಆ ನಕ್ಷೆ ನೋಡಿಯೇ ನಡೆಯುತ್ತದೆಂದು ಮಾಲಕ ಹೇಳಿಬಿಟ್ಟಿದ್ದ. ತೂಗುವ ಜರಡಿಯ ಮೇಲೆ ಈವರೆಗೆ ಚುಕ್ಕೆ ಇರಲಿಲ್ಲ. ಅದನ್ನೇ ನಂಬಿ ಹೊಸ ದೊಡ್ಡ ಯಂತ್ರದ ತಯಾರಿ ನಡೆದಿತ್ತು.

ಪ್ರಣಾಲಿ ತಾರೀಖು ಬಿಡಿಸಿ ಹೇಳಿದಳು. ಅವರು ಅರ್ಜಿ ಹಾಕಿದ್ದು ಎಂಟು ವರ್ಷದ ಹಿಂದಿನ ಜನವರಿಯಲ್ಲಿ. ನಮ್ಮ ಮೊದಲ ಬಿಲ್ಲು ಅದೇ ವರ್ಷದ ದಸರೆಯದು, ಒಂಬತ್ತು ತಿಂಗಳು ತಡ. ಅದಕ್ಕೂ ಮೊದಲು ನಮ್ಮ ಜರಡಿ ಎಲ್ಲಾದರೂ ನಾಲ್ಕು ಜನರೆದುರು ತಿರುಗಿದ್ದಕ್ಕೆ ಪುರಾವೆ ಸಿಕ್ಕರೆ ಅವರ ಹಕ್ಕನ್ನು ಅಲ್ಲಗಳೆಯಬಹುದು. ಶನಿವಾರದೊಳಗೆ ಸಿಗದಿದ್ದರೆ ಮಾಲಕರು ಜರಡಿಯ ಕೆಲಸವನ್ನೇ ಬಿಡುತ್ತಾರೆ.

ತಿರುಗಿದ್ದು ಖರೆ. ಆದರೆ ಈ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಹೊಸದಾಗಿ ಮಾಡಿದ ಮೊದಲ ಯಂತ್ರವನ್ನು ಮಾರುತ್ತಿರಲಿಲ್ಲ. ಯಾರಾದರೂ ರೈತರ ಮನೆಗೆ ಒಯ್ದು ಇಟ್ಟು, ಒಂದು ಸುಗ್ಗಿ ಓಡಿಸಿ ನೋಡಿದ ಮೇಲೆಯೇ ಮುಂದಿನ ಯಂತ್ರಗಳಿಗೆ ಹೆಸರಿನ ತಗಡು ಹೊಡೆದು ಬಿಲ್ಲು ಬರೆಯುವುದು. ತೂಗುವ ಜರಡಿಯ ಮೊದಲನೆಯದು ಭಾಲ್ಕಿ ತಾಲೂಕಿನ ಸಾಯಗಾಂವದ ಹಾವಗೆಪ್ಪನ ಮನೆಯಲ್ಲಿತ್ತು. ತಗಡೂ ಇಲ್ಲ, ಬಿಲ್ಲೂ ಇಲ್ಲ.

ಗೋರಖನಾಥ ಚಿತ್ರದ ಮೇಲೆ ಬೆರಳಿಟ್ಟು ಪಟ್ಟಿ ಎಣಿಸಿದ. ಮತ್ತೊಮ್ಮೆ ಎಣಿಸಿದ. ಎಡಗಡೆ ಹೆಚ್ಚಿಗೆ ಒಂದು ಇತ್ತು.

"ಐದನೇದು," ಅಂದ. "ಹಾವಗೆಪ್ಪನ ಕೊಟ್ಟಿಗಿ ನೆಲ ಓರಿ ಇತ್ತವ್ವಾ. ಯಂತ್ರ ಎಡಕ್ಕ ವಾಲ್ತಿತ್ತು. ಅದಕಂತ ನಾ ಒಂದ್ ಜಾಸ್ತಿ ಕಟ್ಟಿದ್ದೆ. ಅದೊಂದಕ್ಕೇ."

ಪ್ರಣಾಲಿ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ಆ ಪಟ್ಟಿ ನೋಡಿದಳು. ಆ ಸುಗ್ಗಿಯಲ್ಲಿ ಯಾರಾದರೂ ನೋಡಲು ಬಂದಿದ್ದರೇ ಎಂದು ಕೇಳಿದಳು.

"ಒಬ್ರು ಬಂದಿದ್ರು, ಫೋಟೊ ಹೊಡಕೊಂಡ್ರು. ಕೆಳಗ ಕತ್ತಲಿ ಇತ್ತು, ನಾನೇ ಬ್ಯಾಟ್ರಿ ಹಿಡದಿದ್ದೆ." ಸ್ವಲ್ಪ ತಡೆದು ಅಂದ, "ಕೇಳಿದವರಿಗೆಲ್ಲ ತೋರ್ಸೀನಿ."

ಆ ಐದನೆಯ ಪಟ್ಟಿ ನೋಡಿ ಬರಲು ಮರುದಿನ ಇಬ್ಬರೂ ಭಾಲ್ಕಿಯವರೆಗೆ ಬಸ್ಸಿನಲ್ಲಿ, ಅಲ್ಲಿಂದ ಆಟೊದಲ್ಲಿ ಸಾಯಗಾಂವಕ್ಕೆ ಹೋದರು. ದಾರಿಯ ಎರಡೂ ಕಡೆ ತೊಗರಿ ಎದೆಮಟ ನಿಂತಿತ್ತು. ಕೊಟ್ಟಿಗೆಯ ಬಾಗಿಲು ದಾಟುವ ಮೊದಲೇ ಗೋರಖನಾಥನಿಗೆ ನೆನಪಾಯಿತು. ನೆನಪಾದ ಮೇಲೂ ಕಾಲು ನಡೆದೇ ನಡೆದವು.

ನೆಲ ಸಿಮೆಂಟಿನದಾಗಿತ್ತು, ಸಪಾಟಾಗಿತ್ತು. ಐದು ವರ್ಷದ ಹಿಂದೆ ಹಾವಗೆಪ್ಪ ನೆಲ ಹಾಕಿಸಿದಾಗ, ಇನ್ನು ಬೇಡವೆಂದು ಐದನೆಯ ಪಟ್ಟಿ ಬಿಚ್ಚಿದವನು ಗೋರಖನಾಥನೇ. ಅದಕ್ಕೂ ಮೊದಲು ಜರಡಿ ಬದಲಿಸಿದ್ದ. ಆಮೇಲೆ ಚೌಕಟ್ಟು, ಹೋದ ವರ್ಷ ಉಳಿದ ನಾಲ್ಕು ಪಟ್ಟಿಗಳನ್ನೂ. ಮೊದಲ ಯಂತ್ರವೆಂಬ ಅಕ್ಕರೆ. ಪ್ರತಿ ಸುಗ್ಗಿಯ ಮುಂಚೆ ತನ್ನ ಖರ್ಚಿನಲ್ಲಿ ಬಂದು ರಿಪೇರಿ ಮಾಡಿ ಹೋಗುತ್ತಿದ್ದ.

"ಮಗಳ ಮನಿಗಿ ಬಂದಂಗ ಬರ್ತಾನ್ರಿ ಇವ," ಹಾವಗೆಪ್ಪ ಪ್ರಣಾಲಿಗೆ ಹೇಳಿದ. "ಬಂದಾಗೊಮ್ಮೆ ಒಂದ್ ಸಾಮಾನ ಹೊಸಾದು ಹಾಕ್ತಾನ. ಈಗ ಈ ಕೊಟ್ಟಿಗ್ಯಾಗ ಹಳೇದಂದ್ರ ನಾ ಒಬ್ಬನೇ."

ಬಿಚ್ಚಿದ ಸಾಮಾನು? ಅದು ಎಂದೋ ಗುಜರಿಗೆ ಹೋಗಿತ್ತು. ಫೋಟೊ? ಒಂದಿತ್ತು. ಹಾವಗೆಪ್ಪನ ಹೆಂಡತಿ ಶಾಲುಬಾಯಿ ಅದನ್ನು ಸೆರಗಿನಿಂದ ಒರೆಸಿ ತಂದಳು. ಮನೆಯ ಹನ್ನೊಂದು ಮಂದಿ ಯಂತ್ರದ ಮುಂದೆ ಸಾಲಾಗಿ ನಿಂತಿದ್ದರು. ಹಿಂದೆ ಕಂಡದ್ದು ಕಾಳು ಸುರಿಯುವ ಬಾಯಿ ಮಾತ್ರ. ತಾನು ಎಲ್ಲಿ ಬೇಕಾದರೂ ಬಂದು ಸಾಕ್ಷಿ ಹೇಳುತ್ತೇನೆಂದ ಹಾವಗೆಪ್ಪ. ಪ್ರಣಾಲಿ ಅವನ ಹೆಸರು ಬರೆದುಕೊಂಡಳು. ಬರೀ ಬಾಯಿಮಾತಿನ ಮೇಲೆ ಮಾಲಕರು ಕೋರ್ಟಿನ ಮೆಟ್ಟಿಲು ಹತ್ತಲಾರರೆಂದು ಅವಳಿಗೂ ಗೊತ್ತಿತ್ತು, ಗೋರಖನಾಥನಿಗೂ.

ಚಹಾ ಬರುವಷ್ಟರಲ್ಲಿ ಅವನು ಕುಕ್ಕರಗಾಲಿನಲ್ಲಿ ಕೂತು ಒಂದು ಪಟ್ಟಿ ಮೀಟಿ ನೋಡಿದ. ಸ್ವಲ್ಪ ಸಡಿಲಾಗಿತ್ತು. ಬಿಗಿ ಮಾಡಿದ.

ಶನಿವಾರ ನಕ್ಷೆಯ ಮೇಲೆ ತೂಗುವ ಜರಡಿಗೆ ಕೆಂಪು ಚುಕ್ಕೆ ಬಿತ್ತು. ತೊಗರಿ ಕಟ್ಟಿಗೆ ಪುಡಿ ಮಾಡುವ ಯಂತ್ರದ ಕಡೆ ನಾಲ್ಕಾರು ಹಸಿರು ಚುಕ್ಕೆಗಳಿದ್ದವು. ಪ್ರಣಾಲಿಯ ವರದಿ ಆ ದಾರಿ ಹಿಡಿಯಿರಿ ಅಂದಿತು, ಮಾಲಕ ಹಿಡಿದ. ತಯಾರಿದ್ದ ಒಂಬತ್ತು ಯಂತ್ರಗಳಿಂದ ಟೈರಿನ ಪಟ್ಟಿ ತೆಗೆದು, ಮೊದಲಿನಂತೆ ಬೋಲ್ಟು ಹಾಕಿ ಕಳಿಸಬೇಕೆಂದ. ಆಮೇಲೆ ಗೋರಖನಾಥನನ್ನು ಹತ್ತಿರ ಕೂರಿಸಿಕೊಂಡ.

"ಯಂತ್ರ ಬದ್ಲಾದ್ರ ಏನಾಯ್ತು ಗೋರಖ? ಕೈ ನಿಂದೇ ಅದ ಅಲಾ?"

"ಕೈ ಅವ ರೀ ಮಾಲಕ್ರ. ಕಿವಿಗಿ ಅದರಾಗ ಕೆಲ್ಸ ಇಲ್ರಿ."

ಪಟ್ಟಿ ಬಿಚ್ಚಿದ್ದು ಅವನೇ. ಬೇರೆಯವರಿಗೆ ಕೊಡಲಿಲ್ಲ. ದಿನಕ್ಕೆ ಮೂರು ಯಂತ್ರ, ಮೂರು ದಿನ. ಸಿಟ್ಟು ಬರಬಹುದೆಂದು ಮೊದಲ ದಿನ ಕಾದ, ಬರಲಿಲ್ಲ. ಹೊತ್ತಿಗೆ ಸರಿಯಾಗಿ ಹಸಿವೆಯಾಯಿತು, ಹೆಂಡತಿ ಅನುಸೂಯಾಬಾಯಿ ಕಟ್ಟಿಕೊಟ್ಟ ರೊಟ್ಟಿ ಉಂಡ. ಮೂರನೆಯ ದಿನ ಮಧ್ಯಾಹ್ನ ಕೊನೆಯ ಬೋಲ್ಟು ಬಿಗಿದು, ಕೈ ಒರೆಸಿಕೊಳ್ಳುತ್ತ ಪ್ರಣಾಲಿಯ ಮೇಜಿನ ಬಳಿ ಬಂದು ನಿಂತ.

"ಪ್ರಣಾಲಿ, ಆ ಕಂಪನಿಯವರಿಗಿ ಕಾಗದ ಬರೀಲಿಕ್ಕಿ ಬರ್ತದೇನವ್ವಾ?"

ಅವಳು ತಲೆ ಎತ್ತಿದಳು.

"ಸಪಾಟ ನೆಲದ ಮ್ಯಾಲ ಐದನೇ ಪಟ್ಟಿ ಇರಬಾರ್ದು. ಕಾಳೆಲ್ಲ ಒಂದ್ ಕಡಿ ಸರೀತದ, ಮಂದಿ ಮಾಲು ಕೆಡ್ತದ. ಯಾರರೆ ಅವರಿಗಿ ಹೇಳಬೇಕು."

ಪ್ರಣಾಲಿ ಪೆನ್ನು ಕೈಗೆತ್ತಿಕೊಂಡಳು. ಅದರ ಮುಚ್ಚಳ ತೆಗೆಯಲಿಲ್ಲ.

ಗೋರಖನಾಥ ಕೆಲಸ ಬಿಟ್ಟು ಹೋದದ್ದು ಅದೇ ದಿನ, ಬುಧವಾರ, ಎರಡೂವರೆಯ ಔರಾದ ಬಸ್ಸಿಗೆ. ಇಪ್ಪತ್ತಾರು ವರ್ಷದಲ್ಲಿ ಆ ಹೊತ್ತಿನ ಬಸ್ಸು ಅವನು ಹತ್ತಿದ್ದೇ ಇರಲಿಲ್ಲ. ಅರ್ಧಕ್ಕರ್ಧ ಸೀಟು ಖಾಲಿ ಇದ್ದವು. ಕಾರ್ಖಾನೆಯ ಬಾಗಿಲ ಹತ್ತಿರ ಚೀಲದಲ್ಲಿ ಮೂವತ್ತಾರು ಪಟ್ಟಿಗಳಿದ್ದವು, ಒಂದೇ ಅಳತೆಯವು, ಒಂದರ ಮೇಲೊಂದು ಜೋಡಿಸಿ ಸುತಳಿ ಕಟ್ಟಿದ್ದವು.