ಎಂಟು ಹಾಕಿದ ನಗು

ರಾಜ್ಯಶಾಸ್ತ್ರ ವಿಭಾಗದ ನೆಲಮಾಳಿಗೆಗೆ ಹದಿನಾಲ್ಕು ಮೆಟ್ಟಿಲು. ಒಂದು ಕಾಲದಲ್ಲಿ ಎರಡೆರಡು ಹಾರಿ ಇಳಿಯುತ್ತಿದ್ದ ವಿಲ್ಮಾ ಹೂಕ್‌ಸ್ಟ್ರಾ ಈಗ ಕಂಬಿ ಹಿಡಿದು, ಮೊಣಕಾಲಿಗೆ ಶಾಪ ಹಾಕುತ್ತಾ ಇಳಿದಳು. ಹಿಂದೆ ಡೆಲ್ಬರ್ಟ್ ಪ್ರೂಯಿಟ್. ಐವತ್ತೆರಡು ವರ್ಷದ ಹಿಂದೆ ಇಬ್ಬರೂ ಇಲ್ಲೇ ಸಂಶೋಧನಾ ವಿದ್ಯಾರ್ಥಿಗಳು.

"ಬೇಗ ನಡಿಯೇ ಮಾರಾಯ್ತಿ, ಹಿಂದೆ ಟ್ರಾಫಿಕ್ ಜಾಮ್ ಆಗಿದೆ."

"ಟ್ರಾಫಿಕ್ ಅಂದ್ರೆ ನೀನೊಬ್ನೇ ತಾನೆ? ಸುಮ್ನೆ ಬಾ."

ಕಟ್ಟಡ ಕೆಡವಲಿದ್ದರು. ಇಬ್ಬರೂ ಸೇರಿ ಮಾಡಿದ್ದ ೧೯೭೨ರ ಸಮೀಕ್ಷೆಯ ಅಂಕಿಗಳು ಶಾಶ್ವತವಾಗಿ ದಾಖಲೆ ಭಂಡಾರ ಸೇರಲಿದ್ದವು. 'ಎಲ್ಲವೂ ಸರಿಯಾಗಿದೆ' ಎಂಬ ಪತ್ರಕ್ಕೆ ವಿಲ್ಮಾಳ ಸಹಿ ಬೇಕಿತ್ತು. ಮೂಲ ಕಾಗದಗಳು ಸೋಮವಾರ ಚೂರು ಮಾಡುವ ಯಂತ್ರಕ್ಕೆ. ಅದಕ್ಕೂ ಮೊದಲು ನೆನಪಿಗೊಂದು ಹಾಳೆ ಎತ್ತಿಕೊಂಡು ಹೋಗೋಣವೆಂದು ಬಂದಿದ್ದಳು, ಅಷ್ಟೇ.

ಒಳಗೆ ಅದೇ ವಾಸನೆ: ಹಳೇ ಕಾಗದ, ಸುಟ್ಟ ಕಾಫಿ. ವಿಲ್ಮಾಳಿಗೆ ಆ ದಿನಗಳು ನೆನಪಾದವು. ಕಾರ್ಡಿಗೆ ತೂತು ಹೊಡೆಯುವ ಯಂತ್ರದ ಟಕಟಕ, ಕೋಣೆ ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಒಣಗುತ್ತಿದ್ದ ಒದ್ದೆ ಕಾಲುಚೀಲ, ಡೆಲ್ಬರ್ಟನ ಅಮ್ಮ ಕಟ್ಟಿಕೊಡುತ್ತಿದ್ದ ಮಾಂಸದ ಸ್ಯಾಂಡ್‌ವಿಚ್‌ನಲ್ಲಿ ಅರ್ಧ ಪಾಲು. ಅಮೆರಿಕದ ಪ್ರಜಾಪ್ರಭುತ್ವದ ನಾಡಿ ಹಿಡಿದುಬಿಡುತ್ತೇವೆಂಬ ಜಂಬವೂ ಇತ್ತು. ಎಷ್ಟು ಸುಖವಾಗಿದ್ದೆವು ಎಂದುಕೊಂಡಳು.

ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದರು. ನಿಯಮವೇ ಹಾಗಿತ್ತು: ಜನ ಕೊಟ್ಟ ಉತ್ತರ ಓದಿ ಇಬ್ಬರೂ ಬೇರೆಬೇರೆಯಾಗಿ ಅಂಕೆ ಹಾಕಬೇಕು, ಒಬ್ಬರದು ಇನ್ನೊಬ್ಬರಿಗೆ ಕಾಣಬಾರದು. ಕೊನೆಗೆ ಎರಡನ್ನೂ ಹಾಳೆಗೆ ಇಳಿಸಿ, ಹೊಂದದಿದ್ದರೆ ಮಾರ್ಗದರ್ಶಿ ಮೇಷ್ಟ್ರ ತೀರ್ಪು. 'ನಿಮ್ಮಂಥವರ ಮಾತನ್ನು ಸರ್ಕಾರ ಕೇಳುತ್ತದೆಯೇ?' ಹೌದಾದರೆ ಒಂದು, ಇಲ್ಲವಾದರೆ ಐದು, ಗೊತ್ತಿಲ್ಲವಾದರೆ ಎಂಟು. ಎಂಟು ಬಿದ್ದವರು ಲೆಕ್ಕದಿಂದಲೇ ಹೊರಗೆ.

ಡೆಲ್ಬರ್ಟ್ ಪೆಟ್ಟಿಗೆಯೊಂದನ್ನು ಮೇಜಿಗೆ ಎತ್ತಿಟ್ಟು ಧೂಳು ಊದಿದ. "ನದಿಯಾಚೆ ಕೇರಿ. ನಿನ್ನ ಪ್ರಖ್ಯಾತ ಕೋಷ್ಟಕದ ತವರುಮನೆ."

ಮೇಲಿನ ಹಾಳೆ ಒಡೆಸ್ಸಾ ಟಾಲಿವರ್ ಎಂಬಾಕೆಯದು. ಮೂರು ಮಕ್ಕಳ ತಾಯಿ. ಸರ್ಕಾರದ ಸಹಾಯಧನಕ್ಕೆ ಏಳು ಸಲ ಅರ್ಜಿ ಹಾಕಿದ್ದವಳು. ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿದ್ದು ವಿಲ್ಮಾಳೇ. ಅಂಚಿನಲ್ಲಿ ಅವಳದೇ ಅಕ್ಷರ: 'ನಕ್ಕಳು. ತುಂಬ ಹೊತ್ತು.' ಪಕ್ಕದಲ್ಲಿ ಎಂಟು. ಅದರ ಕೆಳಗೆ ಡೆಲ್ಬರ್ಟನ ಐದು, ಹೊಡೆದುಹಾಕಿದ್ದು.

"ನೆನಪಿದ್ಯಾ? ನಗು ಮಾತಲ್ಲ, ಉತ್ತರ ಅಂತ ತಗೊಳಕ್ಕಾಗಲ್ಲ ಅಂತ ನೀನು ಭಾಷಣ ಬಿಗಿದಿದ್ದೆ. ಮೇಷ್ಟ್ರು ನಿನ್ನ ಪರ ತೀರ್ಪು ಕೊಟ್ರು."

"ನಿಯಮ ಹಾಗಿತ್ತು ಕಣೋ."

"ನಿಯಮ ಹಾಗಿತ್ತು. ಆಯಮ್ಮ ಯಾಕೆ ನಕ್ಲು ಅಂತ ನನ್ನ ಅಮ್ಮನ್ನ ಕೇಳಿದ್ರೂ ಹೇಳ್ತಿದ್ಲು."

ವಿಲ್ಮಾ ಹಾಳೆಯನ್ನು ಕೈಗೆತ್ತಿಕೊಂಡಳು. ಆ ಕೇರಿಯ ನೂರಕ್ಕೆ ಅರವತ್ತೆರಡು ಮಂದಿಗೆ ಸರ್ಕಾರದ ಮೇಲೆ ನಂಬಿಕೆಯಿದೆ ಎಂದಿತ್ತು ಅವಳ ಕೋಷ್ಟಕ. ಅದರಿಂದಲೇ ಕೆಲಸ, ಹೆಸರು, ಪಠ್ಯಪುಸ್ತಕಗಳಲ್ಲಿ ಅರ್ಧ ಪುಟ. ಅದನ್ನೇ ಹಿಡಿದು ಶಾಸಕರ ಸಮಿತಿಯೊಂದು 'ಅಲ್ಲಿನವರು ತೃಪ್ತರಾಗಿದ್ದಾರೆ' ಎಂದು ಅಲ್ಲಿಗೆ ಬರಬೇಕಿದ್ದ ನೆರವು ಕಚೇರಿಗೆ ಎಳ್ಳುನೀರು ಬಿಟ್ಟಿತ್ತು. ಈಗ ಸಹಿ ಹಾಕಿ ಮನೆಗೆ ಹೋದರೆ ಮುಗಿಯಿತು. ಸೋಮವಾರದ ನಂತರ ಕೇಳುವವರೂ ಇಲ್ಲ, ತೋರಿಸಲು ಕಾಗದವೂ ಇಲ್ಲ. ಆ ಆಸೆ ಒಂದು ಕ್ಷಣ ಅವಳಿಗೂ ಬಂತು, ಬರಲಿಲ್ಲವೆಂದರೆ ಸುಳ್ಳಾದೀತು.

ಆದರೆ ಬಾಗಿಲಲ್ಲಿ ನಕ್ಕ ಆ ಹೆಂಗಸು ಕಣ್ಣಮುಂದಿನಿಂದ ಕದಲಲಿಲ್ಲ. ನಗು ಮುಗಿಸಿ ಆಕೆ ವಿಲ್ಮಾಳ ನಡುಗುವ ಕೈ ನೋಡಿ, "ಚಳಿ ಇದೆ, ಒಳಗ್ ಬಾ ಮಗಾ" ಎಂದಿದ್ದಳು. ಅದಕ್ಕೆ ಹಾಳೆಯಲ್ಲಿ ಜಾಗವಿರಲಿಲ್ಲ.

"ಕುರ್ಚಿ ತಿರುಗಿಸೋ" ಎಂದಳು ವಿಲ್ಮಾ.

"ಯಾಕೆ?"

"ಎಂಟು ಬಿದ್ದಿರೋ ಹಾಳೆ ಎಲ್ಲ ಮತ್ತೆ ನೋಡೋಣ. ಇಣುಕಿ ನೋಡ್ಬೇಡ."

"ನಿನ್ನ ಅಂಕೆ ಇಣುಕಿ ನೋಡಿ ನಾನು ಉದ್ಧಾರ ಆಗೋದು ಅಷ್ಟರಲ್ಲೇ ಇದೆ."

ಮತ್ತೆ ಬೆನ್ನಿಗೆ ಬೆನ್ನು. ಒಂದು ರಾಶಿ ವಿಲ್ಮಾ ನೋಡಿ ಅವನಿಗೆ ದಾಟಿಸಿದಳು, ಇನ್ನೊಂದು ಅವನಿಂದ ಇವಳಿಗೆ. ನಲವತ್ತೊಂದು ಹಾಳೆ. 'ನಕ್ಕ', 'ನಕ್ಕರು, ಗಂಡನನ್ನೂ ಕರೆದು ಹೇಳಿ ನಗಿಸಿದರು', 'ನಗುತ್ತಲೇ ಬಾಗಿಲು ಹಾಕಿದ'. ಆಗ ಎಷ್ಟು ಶ್ರದ್ಧೆಯಿಂದ ಬರೆದುಕೊಂಡಿದ್ದಳು, ಎಷ್ಟು ಶ್ರದ್ಧೆಯಿಂದ ತಳ್ಳಿಹಾಕಿದ್ದಳು! ಅವಳಿಗೆ ನಾಚಿಕೆಯಾಯಿತು. ಹನ್ನೆರಡು ಜನ ಮಾತ್ರ ನಿಜಕ್ಕೂ ಗೊತ್ತಿಲ್ಲವೆಂದಿದ್ದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಇಬ್ಬರೂ ತಂತಮ್ಮ ಹೊಸ ಅಂಕೆಗಳ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರು. ಇಬ್ಬರದರಲ್ಲೂ ಇಪ್ಪತ್ತೊಂಬತ್ತು ಹಾಳೆಗೆ ಐದು. ಒಂದೇ ಒಂದು ಅಂಕೆಯೂ ಬೇರೆಯಿರಲಿಲ್ಲ.

"ಇವರನ್ನೂ ಲೆಕ್ಕಕ್ಕೆ ಸೇರಿಸಿದ್ರೆ ನೂರಕ್ಕೆ ಅರವತ್ತೆರಡು ಹೋಗಿ ಮೂವತ್ತಮೂರಾಯ್ತು. ನಿನ್ನ ಅರ್ಧ ಪುಟ ಹೋಯ್ತಲ್ಲೇ" ಎಂದ ಡೆಲ್ಬರ್ಟ್. ಈ ಸಲ ದನಿಯಲ್ಲಿ ತಮಾಷೆಯಿರಲಿಲ್ಲ.

"ಹೋಗ್ಲಿ ಬಿಡು. ಐವತ್ತೆರಡು ವರ್ಷ ಬೇಕಾಯ್ತಲ್ಲ, ಅದಕ್ಕೆ ಹೊಟ್ಟೆ ಉರೀತಿದೆ."

ಭಂಡಾರದ ಪತ್ರದಲ್ಲಿ 'ಎಲ್ಲವೂ ಸರಿಯಾಗಿದೆ' ಎಂಬುದರ ಮೇಲೆ ವಿಲ್ಮಾ ಗೆರೆ ಎಳೆದಳು. ಎರಡು ಪಟ್ಟಿಗಳನ್ನೂ ಪತ್ರಕ್ಕೆ ಸೇರಿಸಿ ಪಿನ್ನು ಹೊಡೆದಳು. ಕೊನೆಗೆ ಸಹಿಯ ಮೇಲಿದ್ದ ಖಾಲಿ ಜಾಗದಲ್ಲಿ ಬರೆದಳು: 'ಈ ಇಪ್ಪತ್ತೊಂಬತ್ತು ಜನರಿಗೆ ಉತ್ತರ ಗೊತ್ತಿತ್ತು. ಗೊತ್ತಿಲ್ಲದವಳು ನಾನು. ನನಗೆ ಎಂಟು ಹಾಕಿ.'